ಎಂಜಿನ್ ಇಳಿಸುವ ಮುನ್ನ

ತಮ್ಮಾ, ಐಟಿಐಯಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್ ಕೋರ್ಸ್ ಮುಗಿಸಿ ಊರಲ್ಲೇ ಗ್ಯಾರೇಜ್ ಹಾಕುತ್ತೀಯಂತೆ, ನಿಮ್ಮಪ್ಪ ಹೇಳಿದರು. ಹಾಕು, ಒಳ್ಳೆಯದೇ. ಕೆಲಸಕ್ಕೇನೂ ಬರವಿಲ್ಲ. ನಮ್ಮ ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟದೊಳಗೆ ದೊಡ್ಡ ಟ್ರ್ಯಾಕ್ಟರ್ ತಿರುಗುವುದಿಲ್ಲ. ವಿಜಯಪುರದ ದ್ರಾಕ್ಷಿ ಸಾಲಿನ ನಡುವೆಯೂ ಅದೇ ಪಾಡು. ಹಾಗಾಗಿ ಮಿತ್ಸುಬಿಷಿ ಶಕ್ತಿ, ಕುಬೋಟಾ, ಮಹೀಂದ್ರ ಯುವರಾಜ್, ಜೀವೋ ಅಂತ ಸಣ್ಣ ಟ್ರ್ಯಾಕ್ಟರುಗಳು ತೋಟ ತೋಟಕ್ಕೂ ಬಂದಿವೆ. ಬಂದವು ಹಳೆಯವೂ ಆಗುತ್ತಿವೆ. ಇನ್ನು ಮೇಲೆ ನಿನ್ನ ಬಾಗಿಲಿಗೆ ಎಂಜಿನ್ ಕೆಲಸ ಬಂದೇ ಬರುತ್ತದೆ. ಅದಕ್ಕೇ ಕೆಲವು ಮಾತು ಈಗಲೇ ಹೇಳಿಬಿಡುತ್ತೇನೆ.

ಮೊದಲನೆಯದು, ಗಾತ್ರ ನೋಡಿ ಸಲೀಸು ಅಂದುಕೊಳ್ಳಬೇಡ. ದೊಡ್ಡ ಟ್ರ್ಯಾಕ್ಟರಿನ ಮುಂದೆ ನಿಂತಾಗ ಹುಡುಗರಿಗೆ ತಾನಾಗಿಯೇ ಭಯ ಹುಟ್ಟುತ್ತದೆ, ಹುಷಾರಾಗಿ ಕೈ ಹಾಕುತ್ತಾರೆ. ಸಣ್ಣದನ್ನು ಕಂಡರೆ "ಇಬ್ಬರು ಹಿಡಿದರೆ ಎತ್ತಿಬಿಡಬಹುದು" ಅನ್ನುವ ಧೈರ್ಯ ಬರುತ್ತದೆ. ಮೂರು ಸಿಲಿಂಡರಿನ ಸಣ್ಣ ಎಂಜಿನ್ನೇ 100 ಕಿಲೋ ಆಸುಪಾಸು ತೂಗುತ್ತದೆ. ಫ್ಲೈವೀಲು, ಕ್ಲಚ್ಚು, ಪಂಪು ಸೇರಿದರೆ ಅದಕ್ಕೂ ಮೇಲೆ. ಅಷ್ಟು ಭಾರ ಕಾಲಿನ ಮೇಲೆ ಬಿದ್ದರೆ, ಟ್ರ್ಯಾಕ್ಟರ್ ಚಿಕ್ಕದು ಅಂತ ಪಾದಕ್ಕೇನೂ ರಿಯಾಯಿತಿ ಸಿಗುವುದಿಲ್ಲ.

ಇನ್ನೊಂದು, ಎಂಜಿನ್ ಇಳಿಸಲೇಬೇಕಾ ಅನ್ನುವ ಪ್ರಶ್ನೆಯನ್ನು ಪಾನಾ ಹಿಡಿಯುವ ಮೊದಲೇ ತೀರ್ಮಾನ ಮಾಡಿಕೋ. ಈ ಕೆಲಸದ ಅರ್ಧ ಬುದ್ಧಿ ಇಲ್ಲೇ ಖರ್ಚಾಗಬೇಕು. ರೈತ ಬಂದು "ಎಂಜಿನ್ ಹೋಯ್ತು" ಅಂತಾನೆ. ಹೋಗಿದೆಯೋ ಇಲ್ಲವೋ ಎಂಜಿನ್ನೇ ಹೇಳಲಿ. ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಬಂದರೆ ಮೊದಲು ಏರ್ ಕ್ಲೀನರ್ ಬಿಚ್ಚು. ಬೇಸಿಗೆಯಲ್ಲಿ ರೋಟವೇಟರ್ ಹೊಡೆದ ಗಾಡಿಯ ಏರ್ ಕ್ಲೀನರಿನಲ್ಲಿ ಬೊಗಸೆ ಮಣ್ಣು ಸಿಕ್ಕರೂ ಆಶ್ಚರ್ಯವಿಲ್ಲ. ಹೀಟ್ ಆಗುತ್ತದೆ ಅಂದರೆ ರೇಡಿಯೇಟರ್ ಜಾಲರಿ ನೋಡು. ತೋಟದೊಳಗೆ ಓಡುವ ಗಾಡಿ ಹುಲ್ಲು, ತರಗು, ಅಡಿಕೆ ಗರಿಯ ನಾರು ಎಲ್ಲವನ್ನೂ ಮೂತಿಗೆ ಎಳೆದುಕೊಳ್ಳುತ್ತದೆ. ಫ್ಯಾನ್ ಬೆಲ್ಟ್ ಸಡಿಲವಾಗಿದ್ದರೂ ಅದೇ ತೊಂದರೆ. ಒಂದು ಸಿಲಿಂಡರಿನಲ್ಲಿ ಕಟಕಟ ಶಬ್ದ ಇದ್ದರೆ, ಬೇರಿಂಗ್ ಹೋಯ್ತು ಅಂತ ಷರಾ ಬರೆಯುವ ಮೊದಲು ಎಂಜಿನ್ ಓಡುತ್ತಿರುವಾಗಲೇ ನೋಜಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಕೇಳು. ಯಾವುದನ್ನು ಸಡಿಲಿಸಿದಾಗ ಶಬ್ದ ನಿಂತಿತೋ ತೊಂದರೆ ಆ ಸಿಲಿಂಡರಿನದು, ಎಷ್ಟೋ ಸಲ ಬರೀ ನೋಜಲಿನದು. ಹೀಗೆ ಮಾಡುವಾಗ ಕನ್ನಡಕ ಹಾಕಿಕೋ, ಚಿಮ್ಮುವ ಡೀಸೆಲ್ಲಿನ ಹತ್ತಿರ ಬೆರಳು ಒಯ್ಯಬೇಡ. ನೋಜಲ್ ಉಗುಳುವ ಡೀಸೆಲ್ಲಿಗೆ ಚರ್ಮ ತೂರಿ ಮಾಂಸದೊಳಗೆ ಹೋಗುವಷ್ಟು ಒತ್ತಡ ಇರುತ್ತದೆ. ಹಾಗೆ ತೂರಿದರೆ ಗಾಯ ಸಣ್ಣದಾಗಿ ಕಂಡರೂ ಆವತ್ತೇ ಆಸ್ಪತ್ರೆಗೆ ಹೋಗಬೇಕು.

ಇಲ್ಲೇ ಒಂದು ಎಚ್ಚರಿಕೆ. ಈ ಪರೀಕ್ಷೆ ಹಳೆಯ ಮಾದರಿಯ ಮೆಕ್ಯಾನಿಕಲ್ ಪಂಪಿಗೆ ಮಾತ್ರ. 50 ಅಶ್ವಶಕ್ತಿಗಿಂತ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್ 4 ಹೊಗೆ ನಿಯಮ ಬಂದು, ಅವುಗಳಲ್ಲಿ ಕಾಮನ್ ರೈಲ್ ಕಾಣಿಸಿಕೊಂಡಿದೆ. ಅಂಥ ಎಂಜಿನ್ ಓಡುವಾಗ ಪೈಪು ಸಡಿಲಿಸುವ ಹುಚ್ಚು ಸಾಹಸ ಬೇಡವೇ ಬೇಡ. ಸದ್ಯ ತೋಟದ ಸಣ್ಣ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು ಮೆಕ್ಯಾನಿಕಲ್ ಪಂಪಿನವೇ. ಆದರೂ ಯಾವ ಪಂಪು ಅಂತ ನೋಡಿಕೊಂಡೇ ಕೈ ಹಾಕು.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಎಂಜಿನ್ ಇಳಿಸಬೇಕಿಲ್ಲ. ವಾಲ್ವ್ ಕೆಲಸಕ್ಕೂ ಬೇಕಿಲ್ಲ. ಆಯಿಲ್ ಕುಡಿಯುತ್ತಿದೆ, ನೀಲಿ ಹೊಗೆ ಇದೆ, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಪುಸುಪುಸು ಬ್ಯಾಕ್ ಕಂಪ್ರೆಷನ್ ಹೊಡೆಯುತ್ತಿದೆ, ಕಂಪ್ರೆಷನ್ ಗೇಜ್ ಹಾಕಿದರೆ ಮುಳ್ಳು ಏಳುವುದಿಲ್ಲ ಅಂದಾಗ ರಿಂಗು, ಲೈನರಿನ ಮಾತು ಬರುತ್ತದೆ. ಅದನ್ನೂ ಕೆಲವು ಎಂಜಿನ್ನುಗಳಲ್ಲಿ ಜಾಗದಲ್ಲೇ ಮಾಡಬಹುದು, ಸಂಪು ಇಳಿಸಲು ಮುಂದಿನ ಆಕ್ಸಲ್ ಅಡ್ಡ ಬರದಿದ್ದರೆ. ಸಣ್ಣ ಟ್ರ್ಯಾಕ್ಟರಿನಲ್ಲಿ ಅದು ಬಹುಪಾಲು ಅಡ್ಡವೇ ಬರುತ್ತದೆ. ಕ್ರ್ಯಾಂಕ್ ಕೆಲಸ, ಮೇನ್ ಬೇರಿಂಗ್, ಬ್ಲಾಕ್ ಬೋರಿಂಗ್, ಹಿಂದಿನ ಆಯಿಲ್ ಸೀಲ್ ಇವಕ್ಕೆ ಮಾತ್ರ ಬೇರೆ ದಾರಿಯಿಲ್ಲ, ಬಿಡಿಸಲೇಬೇಕು.

ಬಿಡಿಸುವುದು ಅಂದರೆ ಏನು ಅಂತ ಕೋರ್ಸಿನಲ್ಲಿ ಚಿತ್ರ ತೋರಿಸಿರುತ್ತಾರೆ. ಆದರೂ ಹೇಳುತ್ತೇನೆ. ಲಾರಿಗೆ ಚಾಸಿ ಇದೆ, ಎಂಜಿನ್ ತೆಗೆದರೂ ಲಾರಿ ನಿಂತಿರುತ್ತದೆ. ಟ್ರ್ಯಾಕ್ಟರಿಗೆ ಚಾಸಿ ಇಲ್ಲ. ಮುಂದಿನ ಆಕ್ಸಲ್ ಬ್ರಾಕೆಟ್, ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟಿನಿಂದ ಕಚ್ಚಿಕೊಂಡೇ ಗಾಡಿಯಾಗಿರುವುದು. ಎಂಜಿನ್ ಹಿಂದಿನ ಬೋಲ್ಟು ಬಿಚ್ಚಿದೆ ಅಂದರೆ ಟ್ರ್ಯಾಕ್ಟರನ್ನು ನಡುವೆ ಎರಡು ತುಂಡು ಮಾಡಿದೆ ಅಂತಲೇ ಲೆಕ್ಕ. ಎರಡೂ ತುಂಡು ತಮ್ಮಷ್ಟಕ್ಕೆ ನಿಲ್ಲುವಂಥವಲ್ಲ.

ಮುಂದಿನ ತುಂಡಿನ ಕಥೆ ಕೇಳು. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ಏತದ ಮರದ ಹಾಗೆ ಎರಡೂ ಕಡೆ ತೂಗುತ್ತಿರುತ್ತದೆ. ಹೊಲದ ಏರುತಗ್ಗಿಗೆ ಅದು ಬೇಕು. ಆದರೆ ಹಿಂದಿನ ಭಾಗದ ಆಸರೆ ತಪ್ಪಿದ ಕ್ಷಣ ಎಂಜಿನ್ ಆ ಪಿನ್ನಿನ ಮೇಲೆ ಎಡಕ್ಕೋ ಬಲಕ್ಕೋ ಮಗುಚಿಕೊಳ್ಳುತ್ತದೆ. ಅದಕ್ಕೇ ಒಂದು ಬೋಲ್ಟನ್ನೂ ಸಡಿಲಿಸುವ ಮೊದಲು ಆಕ್ಸಲ್ಲಿಗೂ ಬ್ರಾಕೆಟ್ಟಿಗೂ ನಡುವೆ ಎರಡೂ ಪಕ್ಕಕ್ಕೆ ಗಟ್ಟಿ ಮರದ ಬೆಣೆ ಬಡಿ. ಜಾಲಿ ಮರದ್ದಾದರೆ ಉತ್ತಮ. ಈ ಎರಡು ಬೆಣೆ ಬಡಿಯದೆ ಟ್ರ್ಯಾಕ್ಟರ್ ಬಿಡಿಸುವವನ ಪಕ್ಕದಲ್ಲಿ ನೀನು ನಿಲ್ಲಲೂ ಬೇಡ. ಮೂತಿಯಲ್ಲಿ ತೂಕದ ಗಟ್ಟಿಗಳಿದ್ದರೆ ತೆಗೆದಿಡು, ಇಲ್ಲದಿದ್ದರೆ ತುಂಡು ಮುಂದಕ್ಕೆ ಮುಗ್ಗರಿಸುತ್ತದೆ. ಹಿಂದಿನ ತುಂಡಿಗೆ ಕ್ಲಚ್ ಹೌಸಿಂಗಿನ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಡು. ಹಿಂದಿನ ಎರಡೂ ಗಾಲಿಗೆ ಹಿಂದೆ ಮುಂದೆ ಕಲ್ಲಲ್ಲ, ಮರದ ದಿಮ್ಮಿ ಇಡು. ಬರೀ ಜಾಕಿಯನ್ನು ನಂಬಬೇಡ. ಜಾಕಿ ಎತ್ತಿಕೊಡುತ್ತದೆ, ಹೊತ್ತು ನಿಲ್ಲಬೇಕಾದ್ದು ಸ್ಟ್ಯಾಂಡು.

ಬಿಚ್ಚುವ ಮೊದಲು ಗಾಡಿ ತೊಳೆಸು. ಮಣ್ಣು, ಗ್ರೀಸು ಮೆತ್ತಿಕೊಂಡಿದ್ದರೆ ಬೋಲ್ಟೂ ಕಾಣುವುದಿಲ್ಲ, ಬಿಚ್ಚಿದ ಬಾಯಿಗಳೊಳಗೆ ಅದೇ ಮಣ್ಣು ಬೀಳುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ತೆಗೆ. ರೇಡಿಯೇಟರ್ ನೀರು, ಎಂಜಿನ್ ಆಯಿಲ್ ಇಳಿಸು. ಡೀಸೆಲ್ ಕಾಕ್ ಮುಚ್ಚು. ಬಾನೆಟ್, ಸೈಲೆನ್ಸರ್, ರೇಡಿಯೇಟರ್ ದಾರಿ ಬಿಟ್ಟ ಮೇಲೆ ಮೊಬೈಲ್ ತೆಗೆದು ಎಲ್ಲ ಮೂಲೆಯಿಂದ ಫೋಟೋ ಹೊಡೆದುಕೋ. ನಮ್ಮ ಕಾಲದಲ್ಲಿ ಈ ಅನುಕೂಲ ಇರಲಿಲ್ಲ, ವೈರಿಗೆ ಬಣ್ಣದ ದಾರ ಕಟ್ಟುತ್ತಿದ್ದೆವು. ಫೋಟೋ ಇದ್ದರೂ ದಾರ ಕಟ್ಟು, ನಷ್ಟವೇನಿಲ್ಲ. ಹೈಡ್ರಾಲಿಕ್ ಪಂಪು ಎಂಜಿನ್ನಿಗೇ ಕೂತಿರುವ ಗಾಡಿಗಳಲ್ಲಿ ಅದರ ಸಕ್ಷನ್ ಪೈಪ್ ಬಿಚ್ಚಿದರೆ ಗೇರ್ ಬಾಕ್ಸಿನ ಆಯಿಲ್ ಧೋ ಅಂತ ಸುರಿಯುತ್ತದೆ, ಯಾಕೆಂದರೆ ಸಣ್ಣ ಟ್ರ್ಯಾಕ್ಟರುಗಳಲ್ಲಿ ಬಹುಪಾಲು ಎರಡಕ್ಕೂ ಒಂದೇ ಆಯಿಲ್. ಮೊದಲೇ ಇಳಿಸಿಕೊಂಡರೆ ಡಬ್ಬಕ್ಕೆ ಬರುತ್ತದೆ, ಇಲ್ಲವಾದರೆ ನೆಲಕ್ಕೆ. ನಾಲ್ಕೂ ಗಾಲಿ ಎಳೆಯುವ ಗಾಡಿಯಾದರೆ ಹೊಟ್ಟೆ ಕೆಳಗೆ ಮುಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟು ಇದೆ, ಅದನ್ನು ಮರೆತು ಎಳೆದು ಕೂತವರನ್ನು ನೋಡಿದ್ದೇನೆ.

ಡೀಸೆಲ್ ಪೈಪು, ಪಂಪು, ನೋಜಲಿನ ಬಾಯಿಗಳನ್ನು ಬಿಚ್ಚಿದ ತಕ್ಷಣ ಮುಚ್ಚು. ಬನಿಯನ್ ವೇಸ್ಟ್ ತುರುಕಬೇಡ, ಅದರ ನೂಲೆಳೆ ಒಳಗೇ ಉಳಿಯುತ್ತದೆ. ಶುದ್ಧ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಹಾಕು. ಪಂಪಿನೊಳಗಿನ ಪ್ಲಂಜರು ಕೂದಲೆಳೆಗಿಂತ ಸಣ್ಣ ಸಂದಿನಲ್ಲಿ ಓಡುವ ವಸ್ತು, ಒಂದು ಮರಳಿನ ಕಣ ಅದಕ್ಕೆ ಸಾಕು.

ಬೋಲ್ಟುಗಳ ವಿಷಯ. ಹೌಸಿಂಗ್ ಬೋಲ್ಟುಗಳೆಲ್ಲ ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಹೌಸಿಂಗಿನ ಆಕಾರ ಬರೆದು, ತೂತು ಮಾಡಿ, ಬಿಚ್ಚಿದ ಬೋಲ್ಟನ್ನು ಅದದೇ ಜಾಗಕ್ಕೆ ಚುಚ್ಚಿಡು. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ತಳ ಮುಟ್ಟಿ ಎರಕ ಸೀಳುತ್ತದೆ. ಎಲ್ಲ ಬಿಚ್ಚಿದರೂ ಗಾಡಿ ಬಿಡುತ್ತಿಲ್ಲ ಅಂದರೆ ಉಳಿ, ಸ್ಕ್ರೂ ಡ್ರೈವರ್ ತಂದು ಸಂದಿಗೆ ಹೊಡೆಯಬೇಡ. ಎಲ್ಲೋ ಒಂದು ಬೋಲ್ಟು ಉಳಿದಿದೆ. ಸೆಲ್ಫ್ ಮೋಟಾರ್ ಬಿಚ್ಚಿದ ಜಾಗದ ಮರೆಯಲ್ಲೋ ತಳದಲ್ಲೋ ಗ್ರೀಸಿನಡಿ ಕೂತಿರುತ್ತದೆ. ಹುಡುಕು, ಸಿಗುತ್ತದೆ.

ಎತ್ತುವುದಕ್ಕೆ ಏನು ಗತಿ? ಹಳ್ಳಿಯಲ್ಲಿ ಎಲ್ಲರ ಕಣ್ಣೂ ಬೇವಿನ ಮರದ ಕೊಂಬೆಗೆ ಹೋಗುತ್ತದೆ. ಕೊಂಬೆಯ ಒಳಗಡೆ ಗೆದ್ದಲು ಎಷ್ಟು ತಿಂದಿದೆಯೋ ಹೊರಗಿನಿಂದ ಯಾರಿಗೆ ಗೊತ್ತು? ಶೀಟಿನ ಶೆಡ್ಡಿನ ಆಂಗ್ಲರ್ ಕೂಡ ಶೀಟು ಹೊರಲು ಹಾಕಿದ್ದು, ಎಂಜಿನ್ ತೂಗಲು ಅಲ್ಲ. ದಪ್ಪ ಪೈಪಿನ ಮೂರು ಕಾಲಿನ ಸ್ಟ್ಯಾಂಡು ಮಾಡಿಸಿಕೋ, 1 ಟನ್ನಿನ ಚೈನ್ ಪುಲ್ಲಿ ಕೊಂಡುಕೋ. ಕೊಕ್ಕೆಗೆ ಬೀಗದ ನಾಲಗೆ ಇರಲೇಬೇಕು. ಎಂಜಿನ್ನಿಗೆ ಎತ್ತಲು ಅಂತಲೇ ಕೊಟ್ಟ ಕಿವಿ ಇರುತ್ತದೆ, ಚೈನು ಅಲ್ಲಿಗೇ ಹಾಕು. ಮ್ಯಾನಿಫೋಲ್ಡಿಗೆ ಹಗ್ಗ ಸುತ್ತುವ ಚಾಳಿ ಬೇಡ. ಚೈನಿಗೆ ಭಾರ ಬಂದಾದ ಮೇಲೆ ಎಂಜಿನ್ ಕೆಳಗೆ ಕೈಯನ್ನೂ ಚಾಚಬೇಡ, ಬಿದ್ದ ವಾಷರ್ ಎತ್ತುವುದಕ್ಕೂ ಬೇಡ.

ಬಿಡಿಸುವಾಗ ನೇರ ಮುಂದಕ್ಕೆ ಬರಲಿ. ಗೇರ್ ಬಾಕ್ಸಿನ ಶಾಫ್ಟು ಕ್ಲಚ್ ಪ್ಲೇಟಿನೊಳಗೆ ಇನ್ನೂ ಇರುವಾಗ ಎಂಜಿನ್ನಿನ ಹಿಂಭಾಗ ಕುಸಿದರೆ ಅದರ ಭಾರವೆಲ್ಲ ಆ ಶಾಫ್ಟಿನ ಮೇಲೆ ಕೂರುತ್ತದೆ. ಪ್ಲೇಟಿನ ನಡುಭಾಗ ಬಾಗುತ್ತದೆ, ಅದು ಆಗ ಕಾಣುವುದಿಲ್ಲ. ಜೋಡಿಸಿ ಕೊಟ್ಟ ಮೇಲೆ ಕ್ಲಚ್ಚು ಬಿಡುತ್ತಿಲ್ಲ ಅಂತ ವಾಪಸ್ ಬರುತ್ತದೆ. ಒಬ್ಬ ಪುಲ್ಲಿ ಹಿಡಿದು ಮಟ್ಟ ನೋಡಲಿ, ಇನ್ನೊಬ್ಬ ಮುಂದಿನ ಗಾಲಿ ತಳ್ಳಲಿ. ಮಾತು ಒಬ್ಬನದೇ ನಡೆಯಲಿ. ನೋಡಲು ನಿಂತ ನಾಲ್ಕು ಜನರ ಸಲಹೆ ಆ ಹೊತ್ತಿಗೆ ಬೇಕಿಲ್ಲ, ಅವರಿಗೆ ಟೀ ತರಿಸಿಕೊಟ್ಟು ದೂರ ಕೂರಿಸು.

ಇಳಿಸಿದ ಎಂಜಿನ್ನನ್ನು ನೆಲದ ಮೇಲೆ ಹಾಗೇ ಕೂರಿಸಬೇಡ. ತಗಡಿನ ಸಂಪಾದರೆ ನೆಗ್ಗಿ ಒಳಗಿನ ಆಯಿಲ್ ಜಾಲರಿಗೆ ಒತ್ತುತ್ತದೆ, ಆಮೇಲೆ ಪಂಪಿಗೆ ಆಯಿಲ್ಲೇ ಸಿಗುವುದಿಲ್ಲ. ಮರದ ಚೌಕಟ್ಟು ಮಾಡಿ ಬ್ಲಾಕಿನ ಅಂಚು ಅದರ ಮೇಲೆ ಕೂರುವಂತೆ ಇಡು.

ಈಗ ನಿನ್ನ ಹತ್ತಿರ ನಾನು ನಿಜವಾಗಿ ಹೇಳಬೇಕಾದ್ದಕ್ಕೆ ಬಂದೆ. ಟ್ರ್ಯಾಕ್ಟರ್ ಎರಡಾಗಿ ನಿಂತಾಗ ಮಾತ್ರ ಕೈಗೆ ಸಿಗುವ ಸಾಮಾನು ಕೆಲವಿವೆ: ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗು, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲು, ಗೇರ್ ಬಾಕ್ಸಿನ ಮುಂದಿನ ಸೀಲು, ಫ್ಲೈವೀಲಿನ ಹಲ್ಲಿನ ಬಳೆ. ರೈತ ಬಂದಿದ್ದು ಪಿಸ್ಟನ್ ಕೆಲಸಕ್ಕೆ. ನೀನು ಪಿಸ್ಟನ್ ಹಾಕಿ, ಇವನ್ನು "ಇನ್ನೂ ಓಡುತ್ತೆ ಬಿಡು" ಅಂತ ಮುಚ್ಚಿ ಕಳಿಸಿದರೆ, ಸೀಲು ಮೂರು ತಿಂಗಳಿಗೆ ಜಿನುಗಿ ಆಯಿಲ್ ಕ್ಲಚ್ಚಿಗೆ ಬಿದ್ದು ಮತ್ತೆ ಇಡೀ ಗಾಡಿ ಬಿಡಿಸಬೇಕು. ಸೀಲಿನ ಬೆಲೆ ಕಡಿಮೆ, ಬಿಡಿಸುವ ಕೂಲಿ ಹೆಚ್ಚು. ಆದ್ದರಿಂದ ಗಾಡಿ ಬಿಡಿಸಿದ ದಿನವೇ ಮಾಲೀಕನನ್ನು ಕರೆಸು. ಸವೆದದ್ದನ್ನು ಅವನ ಕೈಗೇ ಕೊಟ್ಟು ತೋರಿಸು, ಬೇರಿಂಗನ್ನು ಅವನೇ ತಿರುಗಿಸಿ ಕೇಳಲಿ. ಬದಲಿಸುವುದೋ ಬಿಡುವುದೋ ಅವನ ತೀರ್ಮಾನ. ಸೀಲುಗಳ ವಿಷಯದಲ್ಲಿ ಮಾತ್ರ ಅವನು ಬೇಡ ಅಂದರೂ ನಿನ್ನ ಕೂಲಿಯಲ್ಲೇ ಹಿಡಿದು ಹಾಕಿಬಿಡು ಅನ್ನುತ್ತೇನೆ ನಾನು. ನಿನ್ನ ಹೆಸರಿಗೆ ಅದಕ್ಕಿಂತ ಅಗ್ಗದ ವಿಮೆ ಇಲ್ಲ. ಕ್ಲಚ್ ಹೌಸಿಂಗಿನ ಧೂಳನ್ನು ಏರ್ ಹೊಡೆದು ಹಾರಿಸಬೇಡ, ಹಳೆಯ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸು. ರಿಲೀಸ್ ಬೇರಿಂಗನ್ನು ಡೀಸೆಲ್ಲಿಗೆ ಅದ್ದಬೇಡ, ಒಳಗೆ ತುಂಬಿಟ್ಟ ಗ್ರೀಸು ತೊಳೆದುಹೋಗುತ್ತದೆ. ಪ್ರೆಷರ್ ಪ್ಲೇಟು ತೆಗೆಯುವ ಮೊದಲು ಫ್ಲೈವೀಲಿಗೂ ಅದಕ್ಕೂ ಪಂಚಿನಲ್ಲಿ ಗುರುತು ಹೊಡೆ.

ಬ್ಲಾಕು, ಕ್ರ್ಯಾಂಕು ಲೇತ್ ಅಂಗಡಿಗೆ ಹೋಗುತ್ತವೆ. ಕಳಿಸಿ ಮನೆಗೆ ಬರಬೇಡ, ನೀನೂ ಹೋಗು. ಅಳೆದ ಅಂಕಿ ಕೇಳಿ ಬರೆದುಕೋ. ಬೋರ್ ಮಾಡಿಸುವುದಾದರೆ ಪಿಸ್ಟನ್ ಸೆಟ್ಟು ಮೊದಲು ತಂದು ಕೈಗೆ ಕೊಡು. 0.25, 0.50 ಮಿ.ಮೀ. ಓವರ್ ಸೈಜ್ ಅಂತ ಡಬ್ಬದ ಮೇಲಿನ ಅಂಕಿ ನಂಬಿ ಬೋರ್ ಹೊಡೆಸಬಾರದು, ಆ ಪಿಸ್ಟನ್ನನ್ನೇ ಅಳೆದು ಹೊಡೆಸಬೇಕು. ಕ್ರ್ಯಾಂಕ್ ಗ್ರೈಂಡ್ ಮಾಡುವಾಗ ಜರ್ನಲಿನ ಮೂಲೆಯ ಗುಂಡು ಉಳಿಯಬೇಕು. ಅದನ್ನು ಚೂಪು ಮೂಲೆ ಮಾಡಿದರೆ ಕ್ರ್ಯಾಂಕು ಬಿರುಕು ಬಿಡುವುದು ಅಲ್ಲಿಂದಲೇ. ಆಯಿಲ್ ತೂತುಗಳನ್ನು ತಂತಿ ಬ್ರಷ್ ಹಾಕಿ ತೊಳೆದು ಏರ್ ಹೊಡೆದು ನೋಡು, ಗ್ರೈಂಡಿಂಗ್ ಪುಡಿ ಅಲ್ಲಿ ಅಡಗಿರುತ್ತದೆ. ಬೇರಿಂಗು ಹೊಸದಾಗಿದ್ದೂ ವಾರದಲ್ಲಿ ಹಿಡಿದುಕೊಂಡ ಎಂಜಿನ್ನುಗಳಲ್ಲಿ ಎಷ್ಟೋ ಈ ಪುಡಿಯವೇ.

ಕೂಡಿಸುವುದು ಬಿಚ್ಚಿದ್ದರ ಉಲ್ಟಾ ಅಂತ ಪುಸ್ತಕದಲ್ಲಿ ಒಂದೇ ಸಾಲು ಬರೆದಿರುತ್ತಾರೆ. ಬರೆದವನಿಗೆ ನಮಸ್ಕಾರ. ಕ್ಲಚ್ ಪ್ಲೇಟನ್ನು ಡಮ್ಮಿ ಶಾಫ್ಟು ಹಾಕಿ ನಡುವಿಗೆ ನಿಲ್ಲಿಸು. ಹಳೆಯ ಗೇರ್ ಶಾಫ್ಟಿನ ತುಂಡಾದರೂ ಆದೀತು, ಇಲ್ಲವೇ ಲೇತಿನಲ್ಲಿ ನೈಲಾನ್ ಕಡೆಸಿಕೋ. ಗೇರಿಗೆ ಹಾಕಿಟ್ಟು, ಎಂಜಿನ್ ಸರಿಯುತ್ತ ಬರುವಾಗ ಕ್ರ್ಯಾಂಕ್ ಪುಲ್ಲಿಯನ್ನು ಪಾನಾದಲ್ಲಿ ಮೆಲ್ಲಗೆ ಆಡಿಸು, ಶಾಫ್ಟಿನ ಹಲ್ಲು ತಾನಾಗಿ ಕೂರುತ್ತದೆ. ಎರಡು ಮುಖಗಳೂ ಕೈಯಿಂದ ತಳ್ಳಿದರೇ ಪೂರ್ತಿ ಕೂಡಬೇಕು. ಬೆರಳಗಲ ಸಂದು ಉಳಿದಿದೆ, ಬೋಲ್ಟು ಹಾಕಿ ಎಳೆದುಬಿಡೋಣ ಅನ್ನುವ ಆಸೆ ಆಗ ಹುಟ್ಟುತ್ತದೆ. ಸಂಜೆಯಾಗಿರುತ್ತದೆ, ಹಸಿವಾಗಿರುತ್ತದೆ. ಎಳೆಯಬೇಡ. ಹಿಂದಕ್ಕೆ ಸರಿಸಿ, ಮಟ್ಟ ನೋಡಿ, ಮತ್ತೆ ತಾ. ಹಾಗೆ ಎಳೆದು ಹೌಸಿಂಗ್ ಕಿವಿ ಮುರಿದರೆ ಆ ಎರಕಕ್ಕೆ ವೆಲ್ಡಿಂಗ್ ನಂಬಿಕೆಯಿಲ್ಲ, ಇಡೀ ಹೌಸಿಂಗೇ ತರಬೇಕಾಗುತ್ತದೆ. ಬೋಲ್ಟುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಟಾರ್ಕ್ ರೆಂಚಿನಲ್ಲಿ ಮ್ಯಾನುಯಲ್ಲಿನ ಅಳತೆಗೆ ತಾ. ತೋಳಿನ ಅಂದಾಜು ಬೆಳಗ್ಗೆ ಒಂದು, ಸಂಜೆ ಒಂದು.

ರೇಡಿಯೇಟರಿನ ನೀರಿನ ವಿಷಯ ಮರೆತಿದ್ದೆ. ಕೊಳವೆಬಾವಿ ನೀರು ಸುರಿಯಬೇಡ. ನಮ್ಮ ಬಯಲುಸೀಮೆಯ ನೀರಿನ ಗಡಸುತನ ಮನೆಯ ನೀರೊಲೆಯ ಹಂಡೆ ನೋಡಿದರೇ ತಿಳಿಯುತ್ತದೆ, ಅದೇ ಬಿಳಿ ಪದರ ಬ್ಲಾಕಿನೊಳಗೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವಂಥ ಶುದ್ಧ ನೀರಿಗೆ ಕೂಲೆಂಟ್ ಬೆರೆಸಿ ಹಾಕು.

ಸ್ಟಾರ್ಟ್ ಮಾಡುವ ಆತುರ ಎಲ್ಲರಿಗೂ ಇರುತ್ತದೆ, ಮಾಲೀಕನಿಗೆ ಇನ್ನೂ ಹೆಚ್ಚು. ಡೀಸೆಲ್ ಪೈಪಿನ ಏರ್ ತೆಗೆದು, ಸ್ಟಾಪ್ ಎಳೆದು ಹಿಡಿದು, ಆಯಿಲ್ ದೀಪ ಆರುವವರೆಗೆ ಸೆಲ್ಫ್ ಹೊಡೆ. ಒಮ್ಮೆಗೆ 10 ಸೆಕೆಂಡು ಮೀರದಿರಲಿ, ನಡುವೆ ಮೋಟಾರಿಗೆ ಉಸಿರಾಡಲು ಬಿಡು. ಆಮೇಲೆ ಸ್ಟಾಪ್ ಬಿಟ್ಟು ಸ್ಟಾರ್ಟ್ ಮಾಡು. ಸ್ಟಾರ್ಟ್ ಆದ ಕೂಡಲೇ ಆಕ್ಸಲರೇಟರ್ ಹಿಗ್ಗಾಮುಗ್ಗಾ ಎಳೆದು ಜನರಿಗೆ ಶಬ್ದ ತೋರಿಸಬೇಡ. ನಿಧಾನಕ್ಕೆ ಬಿಸಿಯಾಗಲಿ, ಸೋರಿಕೆ ನೋಡು. ಮೊದಲ 50 ಗಂಟೆ ಹಗುರ ಕೆಲಸ, ಆಮೇಲೆ ಆಯಿಲ್ ಬದಲಿ ಅಂತ ಮಾಲೀಕನಿಗೆ ಬಾಯಲ್ಲಿ ಹೇಳುವುದಲ್ಲ, ಬಿಲ್ಲಿನ ಮೇಲೆ ಬರೆದುಕೊಡು.

ಹಣದ ಮಾತು ಸ್ವಲ್ಪ. ಬಿಚ್ಚುವ ಮೊದಲು ಅಂದಾಜು ಹೇಳು, ಬಿಚ್ಚಿದ ಮೇಲೆ ಅದು ಏರಬಹುದು ಅಂತಲೂ ಅವತ್ತೇ ಹೇಳು. ಹಳೆಯ ಸಾಮಾನನ್ನೆಲ್ಲ ಚೀಲದಲ್ಲಿ ಹಾಕಿ ವಾಪಸ್ ಕೊಡು, ಗುಜರಿ ಆಸೆ ಬೇಡ. ಸಾಲದ ಕಂತು ಕಟ್ಟುವ ರೈತನಿಗೆ ಗಾಡಿ ನಿಂತ ದಿನವೂ ಖರ್ಚೇ. ಮುಂಗಾರು ತಲೆಯ ಮೇಲೆ ಬಂದಾಗ, ಆಯಿಲ್ ಸ್ವಲ್ಪ ಕುಡಿಯುತ್ತದೆ ಅನ್ನುವ ಕಾರಣಕ್ಕೆ ಎಂಜಿನ್ ಇಳಿಸಿ ಕೂರಬೇಡ. ಮಟ್ಟ ನೋಡುತ್ತ, ಕಮ್ಮಿಯಾದಾಗ ಹಾಕುತ್ತ ಹಂಗಾಮು ದಾಟಿಸು, ಕೆಲಸ ಬಿಡುವಿದ್ದಾಗ ಬಾ ಅನ್ನು. ಬ್ಯಾಕ್ ಕಂಪ್ರೆಷನ್ ಮೀರಿದೆ, ಆಯಿಲ್ ಪ್ರೆಷರ್ ಬಿದ್ದಿದೆ ಅಂದರೆ ಮಾತ್ರ ಹಂಗಾಮು ನೋಡಬೇಡ, ಅವತ್ತೇ ನಿಲ್ಲಿಸು. ಓಡಿಸಿದರೆ ಕ್ರ್ಯಾಂಕೂ ಹೋಗುತ್ತದೆ.

ಬ್ಯಾಂಕಿನ ಸಾಲ ಮಂಜೂರಾಗಿದೆಯಂತೆ. ಮೊದಲ ದುಡ್ಡಿನಲ್ಲಿ ಚೈನ್ ಪುಲ್ಲಿ, ನಾಲ್ಕು ಗಟ್ಟಿ ಸ್ಟ್ಯಾಂಡು, ಒಂದು ಟಾರ್ಕ್ ರೆಂಚು, ಒಂದು ಕಂಪ್ರೆಷನ್ ಗೇಜು ತಗೋ. ಬೋರ್ಡು, ಬಣ್ಣ, ಉದ್ಘಾಟನೆ ಆಮೇಲೆ ಇಟ್ಟುಕೊಂಡರಾಯ್ತು.